ಹಿರಿಗೌಡರಿಗೆ ನಾನು ಕೊಟ್ಟ ಕರೆಂಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೂವಿನ ಹಿಪ್ಪರಗಿಯ ಹಿರಿಗೌಡರಿಗೆ ಕರೆಂಟು ಹೊಡೆಸಿದವನು ನಾನೇ. ಎರಡು ಕಂಡೆನ್ಸರ್ ಹಾಕಬೇಕಿತ್ತು, ಹಾಕಲಿಲ್ಲ. ಅವು ನನ್ನ ಅಂಗಿಯ ಜೇಬಿನಲ್ಲೇ ಇದ್ದವು.

ಅದು ೧೯೭೪. ಬಸವನ ಬಾಗೇವಾಡಿಯಲ್ಲಿ ಮೌಲಾಸಾಬರ ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾನು ಅಸಿಸ್ಟಂಟ್ ಮೆಕ್ಯಾನಿಕ್. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು; ಗರ್ವಕ್ಕೆ ಮಾತ್ರ ಇಪ್ಪತ್ತು ವರ್ಷದ ಸರ್ವಿಸ್.

ಹಿಪ್ಪರಗಿಯ ಆ ಮನೆಯಲ್ಲಿ ಹಿರಿಗೌಡರೆಂದರೆ ಅಣ್ಣ ಸಂಗನಗೌಡ; ಅವರೂ ತಮ್ಮ ಮಲ್ಲನಗೌಡನೂ ಪಾಲಾಗಿ ಎರಡು ವರ್ಷ. ನಡುವೆ ಗೋಡೆ ಎದ್ದಿತ್ತು, ಮಾತು ನಿಂತಿತ್ತು. ಪಡಸಾಲೆ ಮಾತ್ರ ತಾಯಿ ನೀಲವ್ವನದು. ವಾಲ್ವ್ ರೇಡಿಯೋ ಅಣ್ಣನ ಪಾಲಿಗೆ ಹೋಗಿತ್ತು. ತಮ್ಮ ಮುಂಬಯಿಯಿಂದ ಹೊಸ ರೆಕಾರ್ಡ್ ಪ್ಲೇಯರ್ ತಂದ. ಅದಕ್ಕೆ ಮೋಟಾರಿತ್ತು, ಸ್ವಂತ ದನಿಯಿರಲಿಲ್ಲ. ರೇಡಿಯೋದ ಬೆನ್ನಿಗಿರುವ ಪಿಕಪ್ ತೂತಿಗೆ ವೈರು ಕೊಟ್ಟರಷ್ಟೇ ಹಾಡುತ್ತಿತ್ತು. ನೀಲವ್ವ ಉಪವಾಸದ ಬೆದರಿಕೆ ಹಾಕಿ ಎರಡನ್ನೂ ಪಡಸಾಲೆಗೆ ತರಿಸಿದ್ದಳು. ಪೆಟ್ಟಿಗೆಗಳು ಕೂಡಿದರೆ ಮಕ್ಕಳೂ ಕೂಡಿಯಾರು ಎಂಬ ಆಸೆ. ಮೊದಲ ರೆಕಾರ್ಡಿಗೆ ಅಣ್ಣನೇ ಸೂಜಿ ಇಡಬೇಕೆಂದೂ ಒಪ್ಪಿಸಿದ್ದಳು.

ಎರಡನ್ನೂ ಜೋಡಿಸಿಕೊಡಲು ನನ್ನನ್ನು ಕಳಿಸುವಾಗ ಮೌಲಾಸಾಬರು ತಿಳಿಸಿ ಹೇಳಿದ್ದರು. ಆ ರೇಡಿಯೋದಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಮೇನ್ಸಿನ ಒಂದು ವೈರು ಒಳಗಿನ ತಗಡಿಗೇ ಸೇರಿದೆ. ಜೋಡಿಸುವ ಎರಡೂ ವೈರುಗಳಲ್ಲಿ ಕರೆಂಟು ತಡೆದು ಹಾಡು ಬಿಡುವ ಒಂದೊಂದು ಕಂಡೆನ್ಸರ್ ಇಡದಿದ್ದರೆ ೨೩೦ ವೋಲ್ಟು ಪ್ಲೇಯರಿನ ಸೂಜಿ ಹಿಡಿದ ಲೋಹದ ಕೈಗೆ ಬಂದು ಕೂರುತ್ತದೆ.

ನೀಲವ್ವ ನನಗೆ ಕೂರಲು ಕಟ್ಟಿಗೆಯ ಮಣೆ ಕೊಟ್ಟಳು. ಎರಡು ಕಡೆ ಇಬ್ಬರು ಗೌಡರು, ಪಂಚಾಯ್ತಿಗೆ ಬಂದ ವೈರಿಗಳ ಹಾಗೆ. ಶಾಣ್ಯಾತನ ತೋರಿಸುವ ಅವಸರದಲ್ಲಿ ನಾನು ವೈರನ್ನು ನೇರವಾಗಿ ಜೋಡಿಸಿದೆ. ಹತ್ತು ಸಲ ಪ್ಲೇಯರಿನ ಕೈ ಮುಟ್ಟಿದೆ, ಏನೂ ಆಗಲಿಲ್ಲ. ಒಣ ಮಣೆ ನನ್ನನ್ನು ಕಾಯುತ್ತಿತ್ತು. ನಾನು ಅದನ್ನು ನನ್ನ ವಿದ್ಯೆ ಎಂದುಕೊಂಡೆ.

ಸೂಜಿ ಇಡುವುದು ಶುಭಕಾರ್ಯವೆಂದು ಸಂಗನಗೌಡರು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಹಸಿ ಪಾದ, ಹಾಸುಗಲ್ಲಿನ ನೆಲ. ಪ್ಲೇಯರಿನ ಕೈ ಮುಟ್ಟಿದ್ದೇ ತಡ, ಹಿಂದಿದ್ದ ಜೋಳದ ಚೀಲದ ಮೇಲೆ ಹೋಗಿ ಬಿದ್ದರು.

“ಹೊಲಾ ತಗೊಂಡಿ, ಬಾಂವಿ ತಗೊಂಡಿ, ಈಗ ಜೀಂವಾನೂ ಬೇಕಾತೇನಲೇ?” ಎಂದು ಬಿದ್ದಲ್ಲಿಂದಲೇ ತಮ್ಮನ ಮೇಲೆ ಕೂಗಿದರು.

“ಹೊಡದದ್ದು ನಿನ್ನ ರೇಡಿಯೋ. ನಾ ಸಾಯಲಿ ಅಂತ ನೀನ ಮಾಡಿಸಿಟ್ಟಿ,” ಎಂದ ಮಲ್ಲನಗೌಡ.

ಕೊಡಲಿ ಎಲ್ಲಿದೆ ಎಂಬುದು ಇಬ್ಬರಿಗೂ ಒಮ್ಮೆಗೇ ನೆನಪಾಯಿತು. ನೀಲವ್ವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ನಾನು ಬಾಗಿಲು ನೋಡಿದೆ; ಓಡಿದರೆ ಬಾಗೇವಾಡಿ ತಲುಪಿದ ಮೇಲೂ ಓಡುತ್ತಿದ್ದೆ. ಆದರೆ ಓಡಿದರೆ ಇಲ್ಲೊಂದು ಹೆಣ ಬೀಳುವುದಿತ್ತು. ಪ್ಲಗ್ ಕಿತ್ತೆ. ಜೇಬಿನಿಂದ ಕಂಡೆನ್ಸರ್ ತೆಗೆದು ನೆಲಕ್ಕಿಟ್ಟೆ.

“ತಪ್ಪು ನಂದರಿ. ಇವನ್ನ ಹಾಕಬೇಕಿತ್ತು. ಸೊಕ್ಕಿಗೆ ಹಾಕಲಿಲ್ಲ.”

ಇಬ್ಬರೂ ನನ್ನ ಕಡೆ ತಿರುಗಿದರು. ಅಣ್ಣ ನನ್ನ ವಂಶವನ್ನು ಅಜ್ಜನವರೆಗೆ ಬೈದ. ಅಲ್ಲಿಂದ ಮೇಲಕ್ಕೆ ತಮ್ಮ ಎತ್ತಿಕೊಂಡ. ಒಬ್ಬನಿಗೆ ಬೈಗುಳ ತಡವರಿಸಿದಾಗ ಇನ್ನೊಬ್ಬ ಒದಗಿಸಿಕೊಟ್ಟ. ನನ್ನ ಸಾಮಾನಿನ ಚೀಲವನ್ನು ಒಬ್ಬ ಎಸೆದ, ನನ್ನನ್ನು ಇನ್ನೊಬ್ಬ.

ಅಂದಿನಿಂದ, ನಾನು ಬರಿಗಾಲಲ್ಲಿ ನೆಲದ ಮೇಲೆ ನಿಂತು ಟೆಸ್ಟರ್ ಹಿಡಿದು ನೋಡದ ಹೊರತು ಯಾವ ಗಿರಾಕಿಗೂ ಯಂತ್ರ ಮುಟ್ಟಗೊಟ್ಟಿಲ್ಲ.

ಆ ದಿನ ಊರಬಾಗಿಲ ಅಗಸೆಯ ತನಕ ನೀಲವ್ವ ನನ್ನ ಹಿಂದೆಯೇ ಬಂದಳು. ಹೊಡೆಯುತ್ತಾಳೇನೋ ಎಂದು ಬಗ್ಗಿದೆ. ಅವಳು ಮೆಲ್ಲಗೆ ಹೇಳಿದಳು:

“ಎರಡ ವರ್ಷಾತು, ಇಬ್ರೂ ಕೂಡಿ ಒಂದ ಮಾತಾಡಿದ್ದಿಲ್ಲ. ಬರೂ ಸೋಮಾರ ಮತ್ತ ಬಾ. ಪೆಟಗಿ ಮುಟ್ಟಬ್ಯಾಡ. ಸುಮ್ನ ಬೈಸ್ಕೊಂಡ ಹೋಗು.”