ಅರಿಷಿಣ ಕುಡಿದ ಕಾರು

ಮೊನ್ನೆ ಮೊಮ್ಮಗನನ್ನು ಮನೆ ತುಂಬಿಸಿಕೊಳ್ಳುವಾಗ ಸೊಸೆ ಆರತಿ ತಟ್ಟೆಯ ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿದಳು. ನೀರು ಕೆಂಪಗೆ ತಿರುಗಿತು. ಬೆಚ್ಚಗಿನ ನೀರಿರಬೇಕು, ಅರಿಷಿಣದ ವಾಸನೆ ಘಮ್ಮೆಂದಿತು. ಅದರ ಬೆನ್ನಿಗೇ ನನಗೆ ಸುಟ್ಟ ರಬ್ಬರಿನ ವಾಸನೆಯೂ ಬಂದ ಹಾಗಾಗಿ... ಜಮಖಂಡಿಯ ನಮ್ಮ ಓಣಿಯ ಮೋಟಾರು ಕಾಕಾ ನೆನಪಾದರು.

ಆಗ ನಮ್ಮದು ಮುಂಬಯಿ ಸರಕಾರ. ಸಂಸ್ಥಾನ ಹೋಗಿ ಕೆಲವು ವರ್ಷಗಳಾಗಿದ್ದವು. ಎದುರುಮನೆಯ ಕಾಕಾ ಹಳೆಯದೊಂದು ಕಾರು ಇಟ್ಟುಕೊಂಡು ಮುಧೋಳ, ಬೀಳಗಿ, ಬನಹಟ್ಟಿ ಅಂತ ಬಾಡಿಗೆ ಹೊಡೆಯುತ್ತಿದ್ದರು. ಹೊಲವಿಲ್ಲ, ಮಗ್ಗವಿಲ್ಲ, ಅವರ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕಾರಿನಿಂದ. ಅದರ ರೇಡಿಯೇಟರು ಸದಾ ಸೋರುತ್ತಿತ್ತು. ಸೋರಿದಾಗ ಅರಿಷಿಣ ಪುಡಿ ಸುರಿಯುವುದು ಆಗಿನ ಡ್ರೈವರುಗಳ ರೂಢಿ. ಪುಡಿ ನೆನೆದು ತೂತಿನಲ್ಲಿ ಕೂತರೆ ನೀರು ನಿಲ್ಲುತ್ತಿತ್ತು. ಕಾಕಾ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು.

"ಅಕ್ಕಾರ, ಒಂದೀಟು ಅರಿಷಿಣ ಕೊಡ್ರಿ."

"ಮತ್ತ ಬೇಕೇನು? ಅದಕ್ಕ ಎಷ್ಟ ಸಲ ಮದುವಿ ಮಾಡ್ತೀಯೋ ತಮ್ಮಾ?" ಅನ್ನುತ್ತಲೇ ಅವ್ವ ಬಟ್ಟಲು ತುಂಬಿಸುತ್ತಿದ್ದಳು.

ಒಂದು ಬೇಸಿಗೆ ಅವ್ವ, ನಾನು ಆ ಕಾರಿನಲ್ಲೇ ಮುಧೋಳದಿಂದ ಮರಳುತ್ತಿದ್ದೆವು. ಏರಿನಲ್ಲಿ ಇಂಜಿನ್ನು ಕುದಿಯತೊಡಗಿತು, ರಬ್ಬರು ಸುಟ್ಟ ವಾಸನೆ ಬಂತು. ಅದು ಹೊಸದಲ್ಲ; ಕೆಲವು ದಿನಗಳಿಂದ ಹೀಗೇ ನಡೆದಿತ್ತಂತೆ. ಕಾಕಾ ಇಳಿದು, ಬೇಲಿಯ ನೆರಳಲ್ಲಿ ಕೂತರು. ಕಾರು ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ಪಿಂಗಾಣಿ ಬಟ್ಟಲಿನಲ್ಲಿ ಅದರ ನೀರು ತುಂಬಿಕೊಂಡು ಬಂದರು. ಹಳದಿ ಗಂಜಿಯಂಥ ನೀರು; ಅರಿಷಿಣ ಕದಡಿದರೂ, ಎಣ್ಣೆ ಕಲೆತರೂ ಹೀಗೇ ಕಾಣುತ್ತದೆ.

"ಬರೇ ಅರಿಷಿಣ ಆದ್ರ ಚಿಂತಿಲ್ರಿ ಅಕ್ಕಾರ. ಹೆಚ್ಚಾಗಿ ನೀರಿನ ನಳಗಿ ಕಟ್ಟಿರತೈತಿ, ತೊಳದ್ರ ಆತು. ಇಂಜಿನ್ ಎಣ್ಣಿ ಕೂಡೇತಿ ಅಂದ್ರ..." ಎಣ್ಣೆ ನೀರಿಗೆ ಬಂದಿದ್ದರೆ ಇಂಜಿನ್ನು ಒಳಗೇ ಬಿರುಕು ಬಿಟ್ಟಿದೆ ಎಂದರ್ಥ. ಮೊದಲೇ ಒಮ್ಮೆ ಬೆಸುಗೆ ಹಾಕಿಸಿದ್ದರು; ಇನ್ನೊಂದು ಬೆಸುಗೆ ಅದು ತಾಳುತ್ತಿರಲಿಲ್ಲ.

ಅವ್ವ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಬಟ್ಟಲಿಗೆ ಹಾಕಿ ಕಲಸಿದಳು. ನೀರು ಕೆಂಪಾಯಿತು!

"ಅರಿಷಿಣನ ಐತಿ!" ಎಂದು ಕಾಕಾ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಎಷ್ಟೋ ದಿನಗಳಿಂದ ನೋಡಿರಲಿಲ್ಲ.

"ನಿನ್ನ ಗಾಡಿಗಿ ನಡುದಾರ್‍ಯಾಗ ಆರತಿ ಎತ್ತಿದಂಗಾತು ನೋಡು," ಅಂದಳು ಅವ್ವ.

ಬಟ್ಟಲಿನ ನೀರು ಅಲುಗುವುದು ನಿಧಾನಕ್ಕೆ ನಿಂತಿತು. ಕೆಂಪಿನ ಮೇಲೆ ಕರಿಯ ಹನಿಯೊಂದು ತೇಲಿತು, ಆಮೇಲೆ ಇನ್ನೊಂದು. ಕಾಕಾ ಬೆರಳಿನಿಂದ ಸರಿಸಿದರು. ಒಡೆದು ದೂರ ಹೋದ ಹನಿಗಳು ಮತ್ತೆ ಬಂದು ಕೂಡಿಕೊಂಡವು. ಬೆರಳನ್ನು ಹೆಬ್ಬೆಟ್ಟಿಗೆ ತಿಕ್ಕಿ ನೋಡಿದರು. ಜಾರುತ್ತಿತ್ತು.

"ನನ್ನ ಕೈಯಾಗಿನ ಜಿಡ್ಡ ಇರಬೇಕೋ ತಮ್ಮಾ. ಮುಂಜಾನಿ ತಲಿಗಿ ಎಣ್ಣಿ ಹಚ್ಚಿದ್ದೆ," ಅಂದಳು ಅವ್ವ. ಅವಳು ಅಂದು ತಲೆಗೆ ಎಣ್ಣೆ ಹಚ್ಚಿರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ," ಅಂದರು ಕಾಕಾ. ಎದ್ದು ಹೋಗಿ, ಆರತಿ ನೀರು ಚೆಲ್ಲುವ ಹಾಗೆಯೇ, ಅದನ್ನು ಕಾರಿನ ಮುಂದೆ ದಾರಿಗೆ ಚೆಲ್ಲಿದರು. ಅತ್ತ ಬಂದ ಎತ್ತಿನ ಚಕ್ಕಡಿಯಲ್ಲಿ ನಮ್ಮನ್ನು ಹತ್ತಿಸಿ, ತಾವು ಕಾರಿನ ಹತ್ತಿರವೇ ಉಳಿದರು...

ಆ ಇಂಜಿನ್ನು ಮತ್ತೆ ಚಾಲೂ ಆಗಲಿಲ್ಲ. ಕಾರು ಗುಜರಿಗೆ ಹೋಯಿತು. ಮುಂದಿನ ಉದ್ದನೆಯ ಸೀಟೊಂದನ್ನು ಮಾತ್ರ ಕಾಕಾ ಬಿಚ್ಚಿಸಿಕೊಂಡು ಮನೆಯ ಕಟ್ಟೆಯ ಮೇಲೆ ಹಾಕಿದರು. ಆಮೇಲೆ ಯಾರದೋ ಕಾಳಿನ ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುತ್ತಿದ್ದರು. ಸಂಜೆ ದಣಿದು ಬಂದು ಆ ಸೀಟಿನಲ್ಲಿ ಕೂಡುವಾಗ ಯಾವಾಗಲೂ ಬಲಗಡೆಗೇ ಕೂಡುತ್ತಿದ್ದರು. ಎಡಗಡೆ ಖಾಲಿ ಇರುತ್ತಿತ್ತು, ಯಾರೋ ಬಾಡಿಗೆಗೆ ಬರುವವರಿದ್ದಾರೆ ಅನ್ನುವ ಹಾಗೆ.

ಈಗ ಕಾಕಾ ಇಲ್ಲ, ಅವ್ವ ಇಲ್ಲ. ಆ ಸೀಟು ಕೊನೆಗೆ ಎಲ್ಲಿ ಹೋಯಿತೋ ತಿಳಿಯದು.

ಮೊನ್ನೆ ಆರತಿ ಮುಗಿಸಿ ಸೊಸೆ ತಟ್ಟೆ ಹಿಡಿದು ಹೊರಗೆ ಹೊರಟಳು. "ತಡಿ," ಎಂದು ನಿಲ್ಲಿಸಿ, ನೀರು ಅಲುಗುವುದು ನಿಲ್ಲುವ ತನಕ ಬಗ್ಗಿ ನೋಡಿದೆ.

"ಏನ್ ಬಿದ್ದೈತ್ರಿ ಅತ್ತಿ, ನೀರಾಗ?"

"ಏನಿಲ್ಲವಾ. ಛಲೋ ಐತಿ. ಚೆಲ್ಲಿ ಬಾ."