ಹಾಡಿದರೆ ಕಂಪನಿ, ಕೆಟ್ಟರೆ ಸೀತಾರಾಮಪ್ಪ

ಹೊಸನಗರದ ಬಸ್ ನಿಲ್ದಾಣದ ಹಿಂದಿನ ಅಕ್ಕಿ ಗಿರಣಿ ಇನ್ನೂ ಶುರುವಾಗಿಲ್ಲ. ಅದು ಶುರುವಾದರೆ ರೇಡಿಯೋದಲ್ಲಿ ಗರಗರ ಬಿಟ್ಟು ಬೇರೇನೂ ಕೇಳಿಸದು. ಹಾಗಾಗಿ ಪಕ್ಕದಲ್ಲೇ ರೇಡಿಯೋ ಕಟ್ಟುವ ಅಂಗಡಿಯಿಟ್ಟ ಸೀತಾರಾಮಪ್ಪನವರ ಕೆಲಸ ಬೆಳಕು ಹರಿಯುವ ಮೊದಲೇ. ಬೆನ್ನು ಬಿಚ್ಚಿದ ಮರದ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸಣ್ಣ ತಿರುಪೊಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಭದ್ರಾವತಿ ಆಕಾಶವಾಣಿ ಮಸುಕಾಗಿ ಸುಳಿದು, ಕೊನೆಗೆ ಎದುರಿಗೇ ಕೂತು ಹಾಡಿದಂತೆ ಸ್ವಚ್ಛವಾಗುತ್ತದೆ. ಅವರ ಮುಖದಲ್ಲಿ ಮಾತ್ರ ಖುಷಿಯಿಲ್ಲ.

“ಇವತ್ತು ಶೇಷಪ್ಪ ಗೌಡ್ರು ಬರ್ತಾರೆ ಮಾರಾಯ್ರೆ” ಎನ್ನುತ್ತಾರೆ, ಹಲ್ಲುನೋವು ಬಂದವರಂತೆ.

ಹುಂಚದ ಕಡೆಯ ಶೇಷಪ್ಪ ಗೌಡರು ಮದುವೆಯಾದ ಮಗಳ ಮನೆಗೆ ರೇಡಿಯೋ ಕೊಡಬೇಕು. ಸಾಗರದ ಅಂಗಡಿಯಲ್ಲಿ ಕಂಪನಿ ಸೆಟ್ಟು ಕೊಳ್ಳುವುದೋ, ಇಲ್ಲಿ ಕಟ್ಟಿಸುವುದೋ ಎಂಬ ಚರ್ಚೆ ಹೋದ ದೀಪಾವಳಿಯಿಂದ ನಡೆದಿದೆ. ಸಾಗರದಲ್ಲಿ ಬೆಲೆ ಕೇಳಿ ಇಲ್ಲಿಗೆ ಬರುತ್ತಾರೆ, ಇಲ್ಲಿ ಹಾಡು ಕೇಳಿ ಮತ್ತೆ ಸಾಗರದ ಬಸ್ಸು ಹತ್ತುತ್ತಾರೆ. ಅಂತೂ ಒಪ್ಪಿದರು, ಆದರೆ ಒಂದು ಷರತ್ತು. ಅವರ ಮನೆಯ ಕೆಟ್ಟ ರೇಡಿಯೋದಿಂದ ಕಿತ್ತ ಕಂಪನಿ ಹೆಸರಿನ ಹಿತ್ತಾಳೆ ಪಟ್ಟಿಯನ್ನು ಹೊಸ ಸೆಟ್ಟಿನ ಮುಖಕ್ಕೆ ಹಾಕಬೇಕು!

ಈ ಸೀಮೆಯಲ್ಲಿ ಇದೇನೂ ಹೊಸದಲ್ಲ. ಕಾರ್ಗಲ್ ಕಾಲನಿಯಿಂದ ತೀರ್ಥಹಳ್ಳಿವರೆಗೆ ಎಷ್ಟೋ ಮನೆಗಳ ‘ಕಂಪನಿ ರೇಡಿಯೋ’ ಹುಟ್ಟಿದ್ದು ಈ ಮುರುಕು ಬೆಂಚಿನ ಮೇಲೆ. ಗೇಣಿದಾರರ ಮಗನಾದ ಸೀತಾರಾಮಪ್ಪ ಅಣೆಕಟ್ಟಿನ ಕೆಲಸಕ್ಕೆಂದು ಕಾರ್ಗಲ್‌ಗೆ ಹೋದವರು, ಅಲ್ಲಿನ ವರ್ಕ್‌ಶಾಪಿನಲ್ಲಿ ಬೆಸುಗೆ ಕಲಿತರು. ಬಿಡಿಭಾಗಗಳನ್ನು ಬೆಂಗಳೂರಿನಿಂದ ತಂದು ಜೋಡಿಸುತ್ತಾರೆ. ಇಷ್ಟು ವರ್ಷ ಯಾರು ಯಾವ ಪಟ್ಟಿ ತಂದರೂ ತುಟಿಪಿಟಕ್ಕೆನ್ನದೆ ಹಾಕಿಕೊಟ್ಟಿದ್ದಾರೆ.

ಸಿಟ್ಟಿರುವುದು ಮಳೆಗಾಲದ ಮೇಲೆ. ತೇವ ತಾಗಬಾರದೆಂದು ಜನ ರೇಡಿಯೋವನ್ನು ಒಲೆಯ ಮೇಲಿನ ಅಟ್ಟಕ್ಕೇರಿಸುತ್ತಾರೆ. ಒಳಗಿನ ಸುರುಳಿಗಳ ಮೇಣ ಕರಗಿ, ಸ್ಟೇಷನ್ನು ಜಾಗ ಬಿಟ್ಟು ಓಡುತ್ತದೆ.

“ಎಂತ ಹೇಳೂದು? ಅದ್ನೇನು ಅಡಿಕೆ ಅಂದ್ಕಂಡ್ರಾ, ಹೊಗೆಗಿಟ್ಟು ಒಣಗ್ಸಕ್ಕೆ? ಹಾಡ್ದಾಗ ‘ನೋಡಿ ನಮ್ ಕಂಪನಿ ರೇಡಿಯೋ’ ಅಂತಾರೆ. ಕೆಟ್ಟಾಗ ‘ಆ ಸೀತಾರಾಮ ಕಟ್ಟಿದ್ದು’ ಅಂತ ಬೈಕಂಡು ಬರ್ತಾರೆ. ನಂಗೆ ಸಾಕಾಯ್ತು.”

ಈ ಸಲ ಅವರು ಹಠ ಹಿಡಿದಿದ್ದಾರೆ. ಪೆಟ್ಟಿಗೆಯ ಮುಖದ ಮೇಲೆ ಬಿಳಿ ಬಣ್ಣದಲ್ಲಿ ‘ಸೀತಾರಾಮಪ್ಪ, ಹೊಸನಗರ’ ಎಂದು ಬರೆದಾಗಿದೆ. ಬೇಡವೆಂದರೆ ಸೆಟ್ಟು ಅಂಗಡಿಯಲ್ಲೇ ಉಳಿಯುತ್ತದೆ, ಅಷ್ಟು ದಿನಗಳ ದುಡಿಮೆಯೂ.

ಮೊದಲ ಬಸ್ಸಿಗೇ ಗೌಡರು ಹೆಂಡತಿ ತುಂಗಮ್ಮನವರ ಜೊತೆ ಇಳಿಯುತ್ತಾರೆ. ಹೆಸರು ಕಂಡದ್ದೇ ಗೌಡರ ಮುಖ ಗಂಟಿಕ್ಕುತ್ತದೆ.

“ಇದೆಂತ ಸೀತಾರಾಮ? ಬೀಗರ ಮನೆಗೆ ಕೊಡೂದು. ನನ್ ಮರ್ಯಾದೆ ಏನಾಗ್ಬೇಕು? ಪಟ್ಟಿ ಹಾಕು.”

“ಹಾಕಲ್ಲ ಗೌಡ್ರೆ. ಕಂಪನೀದೇ ಬೇಕಾದ್ರೆ ಸಾಗರದ ಬಸ್ಸು ಅಲ್ಲೇ ನಿಂತಿದೆ.”

ಗೌಡರು ನಿಜವಾಗಿಯೂ ಬಸ್ಸಿನ ಕಡೆ ನೋಡುತ್ತಾರೆ. ತುಂಗಮ್ಮ ಮಾತ್ರ ಅಲುಗುವುದಿಲ್ಲ. ರೇಡಿಯೋಕ್ಕೆಂದು ತಾವೇ ಕಸೂತಿ ಹಾಕಿ ಹೊಲಿದ ಗವಸನ್ನು ಚೀಲದಿಂದ ತೆಗೆದು ಹೊದಿಸುತ್ತಾರೆ. ಹೆಸರು ಪೂರ್ತಿ ಮುಚ್ಚುತ್ತದೆ. ಗೌಡರಿಗೆ ಹೋದ ಜೀವ ಬಂದಂತಾಗುತ್ತದೆ.

“ಹಾಂ, ಹಿಂಗೇ ಇರ್ಲಿ!”

“ಎಂತಕ್ಕೆ? ಕೆಟ್ರೆ ನಮ್ ಹುಡುಗಿ ಕಂಪನಿ ಹುಡುಕ್ಕಂಡು ಯಾವೂರಿಗೆ ಹೋಗ್ಬೇಕು? ಹೆಸ್ರು ಕಂಡ್ರೆ ಹೊಸನಗರಕ್ಕೆ ಬರ್ತಾಳೆ” ಎಂದು ತುಂಗಮ್ಮ ಗವಸಿನ ಅಂಚನ್ನು ಮೇಲಕ್ಕೆ ಮಡಚಿ, ಸೆರಗಿನ ಪಿನ್ನು ತೆಗೆದು ಚುಚ್ಚುತ್ತಾರೆ.

ಗೌಡರು ಗೊಣಗುತ್ತಲೇ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಬಸ್ಸಿನಲ್ಲಿ ಕೂರುತ್ತಾರೆ. “ಯಾವ ಕಂಪನೀದು ಗೌಡ್ರೆ?” ಎಂದು ಕಂಡಕ್ಟರ್ ಕೇಳುವುದು ಅಂಗಡಿಯವರೆಗೂ ಕೇಳಿಸುತ್ತದೆ.

“ಎದುರಿಗೇ ಬರ್ದಿದ್ಯಲ್ಲ, ಓದು” ಎನ್ನುತ್ತಾರೆ ತುಂಗಮ್ಮ.

ಕಂಡಕ್ಟರ್ ಗಟ್ಟಿಯಾಗಿ ಓದುತ್ತಾನೆ. ಗಿರಣಿ ಶುರುವಾಗುತ್ತದೆ. ಸೀತಾರಾಮಪ್ಪ ಬೆಸುಗೆಯ ಕಡ್ಡಿ ಒರೆಸುತ್ತಾ ಕೂತಿದ್ದಾರೆ. ಮುಖ ಇನ್ನೂ ಸಿಡುಕಿನದೇ, ಕಣ್ಣು ಮಾತ್ರ ಬಸ್ಸಿನ ಮೇಲೆ.

“ಇನ್ನು ಕೆಟ್ರೆ ಬೈಲಿ ಬಿಡಿ” ಎನ್ನುತ್ತಾರೆ. “ಹೆಸ್ರು ಹಿಡ್ದೇ ಬೈಲಿ.”