ಲೈಸೆನ್ಸ್ ನನ್ನದು, ಕೋವಿ ಅಣ್ಣನದು

ಅಪ್ಪ ತೀರಿಕೊಂಡ ವರ್ಷವೇ ನಾನು ಬಿ.ಎ. ಪಾಸಾದದ್ದು. ನಮ್ಮ ಕುಟುಂಬದಲ್ಲಿ ಅದಕ್ಕೆ ಮೊದಲು ಹೈಸ್ಕೂಲಿನ ಬಾಗಿಲು ದಾಟಿದವರೇ ಇರಲಿಲ್ಲ. ಸುಳ್ಯದಲ್ಲಿ ಬಸ್ಸು ಇಳಿದು ಕಾಡಿನ ಬದಿಗೆ ನಡೆದು ಬರಬೇಕಾದ ಮನೆ ನಮ್ಮದು. ಆಗ ಸುಳ್ಯ ಇನ್ನೂ ಪುತ್ತೂರು ತಾಲೂಕಿಗೇ ಸೇರಿತ್ತು. ನಾನು ಮಂಗಳೂರಿನಲ್ಲಿ ಒಬ್ಬರ ಬಟ್ಟೆ ಅಂಗಡಿಯಲ್ಲಿ ದುಡಿದು, ಅವರ ಅಟ್ಟದಲ್ಲೇ ಮಲಗಿ ಓದಿದವನು. ಹೆಸರಿನ ಮುಂದೆ ಆ ಎರಡು ಅಕ್ಷರ ಬರೆಯುವ ಯಾವ ಅವಕಾಶವನ್ನೂ ನಾನು ಬಿಟ್ಟವನಲ್ಲ. ಮೊದಲ ಅವಕಾಶ ಸಿಕ್ಕಿದ್ದು ಅಪ್ಪನ ಕೋವಿಯ ಲೈಸೆನ್ಸಿನಲ್ಲಿ.

ಸಿಡಿಯುವ ಪುಟ್ಟ ಕೇಪು ಇಟ್ಟು ಹೊಡೆಯುವ, ನಳಿಗೆಯ ಬಾಯಿಯಿಂದ ಮದ್ದು ತುಂಬಿಸುವ ಹಳೇ ಕೋವಿ ಅದು. ಬೆಳೆ ಕಾಯಲಿಕ್ಕೆಂದು ಕೊಟ್ಟ ಪರವಾನಗಿ. ನಮ್ಮಲ್ಲಿ ಕೋವಿಯೆಂದರೆ ನೇಗಿಲಿನ ಹಾಗೆ, ಮನೆಯದ್ದು. ಅಪ್ಪನಿಗೆ ಜ್ವರ ಬಂದರೆ ಅಣ್ಣ, ಅಣ್ಣ ಸಂತೆಗೆ ಹೋದರೆ ಚಿಕ್ಕಪ್ಪ, ಹೀಗೆ ಕೈ ಖಾಲಿ ಇದ್ದವರು ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೋಗುವುದು. ಕಾಗದದಲ್ಲಿ ಯಾರ ಹೆಸರಿದೆ ಎಂದು ಯಾರೂ ಯೋಚಿಸಿದ್ದಿಲ್ಲ. ಹೆಸರು ಬದಲಿಸುವ ಹೊತ್ತು ಬಂದಾಗ ಅಣ್ಣನೇ ಹೇಳಿದ:

“ನಿನ್ನ ಹೆಸರಿಗೇ ಮಾಡಿಸು. ಸಾಹೇಬರು ಇಂಗ್ಲಿಷಿನಲ್ಲಿ ಎಂತಾದರೂ ಕೇಳಿದ್ರೆ ನಾನು ಎಂತ ಹೇಳುದು? ಮಂಗಗಳ ಹತ್ತಿರ ಮಾತಾಡ್ಲಿಕ್ಕೆ ನಾನು ಸಾಕು.”

ನನಗೆ ಕನ್ನಡಕ. ಕೋವಿ ಹಾರಿಸಲು ಬರುತ್ತಿರಲಿಲ್ಲ. ಆದರೂ ಪರವಾನಗಿ ಬಂತು, ಹೆಸರಿನ ಮುಂದೆ ಬಿ.ಎ. ಇತ್ತು, ನಾನು ಅದನ್ನು ಅತ್ತಿಗೆಗೆ ಓದಿ ಹೇಳಿದೆ. ಅತ್ತಿಗೆ ಘಟ್ಟದ ಮೇಲಿನವಳು, ಸಂಪಾಜೆ ದಾಟಿ ಆಚೆ ಕೊಡಗಿನ ಕಡೆ ಅವಳ ತವರು. “ನಮ್ಮಲ್ಲಿ ಕೋವಿಗೆ ಕಾಗದವೇ ಬೇಡ ಭಾವ. ಮಕ್ಕಳು ಹುಟ್ಟಿದ ಹಾಗೆ ಕೋವಿಯೂ ಮನೆಯಲ್ಲಿ ಉಂಟು” ಎಂದು ನಕ್ಕಳು. ನಿಜವೇ. ಅವಳ ತವರಿನಂಥ ಮನೆತನಗಳಿಗೆ ಹಿಂದಿನ ಕಾಲದಿಂದಲೇ ಆ ವಿನಾಯಿತಿ ಇತ್ತು. ಗುಡ್ಡದ ಈಚೆ ಇರುವ ನಮಗೆ ಇರಲಿಲ್ಲ.

ಮಳೆಗಾಲ ಮುಗಿದು ಭತ್ತ ಹಾಲುಗಟ್ಟುವ ಹೊತ್ತಿಗೆ ನರಿಮೊಗರು ಕಡೆಯ ಒಂದು ಶಾಲೆಯಿಂದ ನನಗೆ ಮಾಸ್ತರಿಕೆಗೆ ಕರೆ ಬಂತು. ಉಳಿದುಕೊಳ್ಳಲು ಕೋಣೆ ನೋಡಲೆಂದು ನಾನು ಆ ಕಡೆ ಹೋದ ದಿನವೇ, ಯಾವುದೋ ಜಗಳದ ವಿಚಾರಣೆಗೆ ಬಂದ ದಫೇದಾರರು ನಮ್ಮ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಡೆದುಬಂದರು. ಅಣ್ಣ ಕೋವಿಯನ್ನು ಅಡಗಿಸಲಿಲ್ಲ. ಅಡಗಿಸಬೇಕೆಂದು ಅವನಿಗೆ ತೋಚಲೂ ಇಲ್ಲ. ಹೆಗಲಲ್ಲಿ ಕೋವಿ ಇಟ್ಟುಕೊಂಡೇ ಅವರಿಗೆ ಎಳನೀರು ಕೆತ್ತಿ ಕೊಟ್ಟ. ದಫೇದಾರರು ಎಳನೀರು ಕುಡಿದು, ಬಾಯಿ ಒರೆಸಿಕೊಂಡು ಕೇಳಿದರಂತೆ:

“ಲೈಸೆನ್ಸ್ ಯಾರದ್ದು ಮಾರಾಯ?”

“ನಮ್ಮ ಮನೆದ್ದು.”

“ಮನೆಗೆ ಕೊಡುದಿಲ್ಲ ಮಾರಾಯ, ಮನುಷ್ಯನಿಗೆ ಕೊಡುದು.”

ಕೋವಿ ಅವರ ಜೊತೆ ಸುಳ್ಯದ ಸ್ಟೇಷನ್ನಿಗೆ ಹೋಯಿತು. ಮರುದಿನ ನಾವಿಬ್ಬರೂ ಹೋದೆವು. ಸಬ್ ಇನ್ಸ್‌ಪೆಕ್ಟರು ಒರಟು ಮನುಷ್ಯನೇನಲ್ಲ. ನನಗೆ ಕುರ್ಚಿ ತೋರಿಸಿದರು. ಅಣ್ಣ ನಿಂತೇ ಇದ್ದ, ಹಾಗಾಗಿ ನಾನೂ ನಿಂತೆ.

“ನಾನು ಪೇಟೆಗೆ ಹಿಡ್ಕೊಂಡು ಬರ್ಲಿಲ್ಲ ಸ್ವಾಮಿ. ನಮ್ಮದೇ ಗದ್ದೆ. ನಮ್ಮ ಗದ್ದೆಯಲ್ಲಿ ನಮ್ಮ ಕೋವಿ” ಎಂದ ಅಣ್ಣ.

“ಗದ್ದೆ ನಿಮ್ಮದೇ. ಬೇಲಿ ಹಾಕ್ಲಿಕ್ಕೆ ನನ್ನನ್ನು ಕೇಳ್ಬೇಡಿ. ಕೋವಿ ಹಿಡೀಲಿಕ್ಕೆ ಮಾತ್ರ ಕೇಳ್ಬೇಕು” ಎಂದು ಅವರು ನನ್ನ ಕಡೆ ತಿರುಗಿದರು. “ನೀವು ಕಲಿತವರು. ಇದು ಕೇಸು ಹಾಕುವ ಸಂಗತಿ. ಈ ಸಲ ಬಿಡ್ತೇನೆ. ನೀವು ಪಕ್ಕದಲ್ಲಿ ಇದ್ದರೆ, ಇವರು ನಿಮ್ಮ ಪರವಾಗಿ ಹೊತ್ತುಕೊಂಡಿದ್ದಾರೆ ಅಂತ ತಿಳೀತೇನೆ. ನೀವು ಇಲ್ಲದೆ ಇವರ ಕೈಯಲ್ಲಿ ಇನ್ನೊಮ್ಮೆ ಕಂಡರೆ ಇವರನ್ನು ಒಳಗೆ ಹಾಕ್ತೇನೆ.”

ಅಣ್ಣನ ಹೆಸರಿಗೇ ಲೈಸೆನ್ಸ್ ಮಾಡಿಕೊಡಬಹುದಲ್ಲ ಎಂದು ಕೇಳಿದೆ. ಕೊಡಬಹುದಿತ್ತು. ಮೊದಲು ನನ್ನದನ್ನು ರದ್ದು ಮಾಡಬೇಕು, ಅಣ್ಣನದು ಬರುವವರೆಗೆ ಕೋವಿ ಸ್ಟೇಷನ್ನಿನಲ್ಲಿ ಇರಬೇಕು. ಪಟೇಲರ ವರದಿ, ಸ್ಟೇಷನ್ನಿನ ವರದಿ, ಆಮೇಲೆ ಮಂಗಳೂರಿನ ಕಲೆಕ್ಟರ ಕಚೇರಿ. ಅಷ್ಟರಲ್ಲಿ ಗದ್ದೆಯಲ್ಲಿ ಭತ್ತ ಉಳಿಯುವುದಿಲ್ಲ. ಆ ಭತ್ತವೇ ನಮ್ಮ ವರ್ಷದ ಊಟ. ಹಾಗಾಗಿ ಲೈಸೆನ್ಸ್ ನನ್ನ ಹೆಸರಿನಲ್ಲೇ ಇರಲೆಂದು ಕೋವಿ ಬಿಡಿಸಿಕೊಂಡು ಬಂದೆವು.

ಮರುದಿನದಿಂದ ನಾನು ಗದ್ದೆಯಲ್ಲಿ. ಹಗಲು ಮಂಗಗಳು, ಮುಸ್ಸಂಜೆಗೆ ಹಂದಿಗಳು. ಮಂಗಗಳಿಗೆ ಯಾರೂ ಗುಂಡು ಹೊಡೆಯುತ್ತಿರಲಿಲ್ಲ, ಬರೀ ಮದ್ದು ತುಂಬಿ ಶಬ್ದ ಮಾಡುವುದು. ಅಣ್ಣ ಮುಂದೆ, ನಾನು ಹಿಂದೆ. ಅವನು ಮೇಲಿನ ಗದ್ದೆಗೆ ಹೋದರೆ ನಾನೂ ಹೋಗಬೇಕು. ನನಗೆ ಬಾಯಾರಿದರೆ ಅವನೂ ಕೋವಿ ಹೊತ್ತು ಮನೆಗೆ ಬರಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳೂ ನೀರು ಕುಡಿಯಲು ಬೇರೆ ಬೇರೆ ಹೋಗುತ್ತವೆ. ನಮಗೆ ಅದೂ ಇರಲಿಲ್ಲ. ನಾನು ಹುಣಿಯ ಮೇಲೆ ಪುಸ್ತಕ ಹಿಡಿದು ಕುಳಿತರೂ ಒಂದೇ ಪುಟ ಮತ್ತೆ ಮತ್ತೆ ಓದುತ್ತಿದ್ದೆ.

ಬಾಳೆಗೊನೆ ಕೊಳ್ಳಲು ಬರುತ್ತಿದ್ದ ಬ್ಯಾರಿ ಸಾಹುಕಾರರು ಹುಣಿಯಲ್ಲಿ ನಿಂತು ನಮ್ಮನ್ನು ನೋಡಿದರು. “ಎಂತ ಮಾರಾಯ್ರೆ, ಬಿ.ಎ. ಪಾಸಾದವರು ಮಂಗ ಓಡಿಸುದು ನಾನು ಇವತ್ತೇ ನೋಡಿದ್ದು. ಒಮ್ಮೆ ಇಂಗ್ಲಿಷಿನಲ್ಲಿ ಬೈದು ನೋಡಿ, ಪುತ್ತೂರಿಗೆ ಮುಟ್ಟುವವರೆಗೆ ಓಡ್ತವೆ.”

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವನು ಮೇಲಿನ ಗದ್ದೆಗೆ ಹೊರಟ, ನಾನು ಪುಸ್ತಕ ಮಡಚಿ ಹಿಂದೆ ನಡೆದೆ.

ಶಾಲೆಯಿಂದ ಮತ್ತೆ ಕಾಗದ ಬಂತು. ಸೋಮವಾರ ಬೆಳಿಗ್ಗೆ ಬಂದು ಸೇರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು. ಊಟಕ್ಕೆ ಕುಳಿತಾಗ ನಾನು ಹೇಳಿದೆ: “ಕೋವಿಯನ್ನು ಸ್ಟೇಷನ್ನಿನಲ್ಲಿ ಇಟ್ಟು ಹೋಗ್ತೇನೆ. ನೀನು ಡಬ್ಬ ಬಡಿದು ಕಾಯಿ.”

“ಹೋಗು, ಇಟ್ಟು ಹೋಗು. ನಾನು ಇವಳ ಅಪ್ಪನ ಮನೆಯಿಂದ ಒಂದು ತರ್ತೇನೆ. ಅಲ್ಲಿ ಗೋಡೆಯಲ್ಲಿ ಸುಮ್ಮನೆ ನೇತಾಡ್ತಾ ಉಂಟು” ಎಂದ ಅಣ್ಣ.

“ಗುಡ್ಡ ಇಳಿಸಿದ್ರೆ ಅದು ಕಳ್ಳ ಕೋವಿ ಅಣ್ಣ. ಅದಕ್ಕೆ ಈ ಕಡೆ ಯಾರ ಹೆಸರೂ ಇಲ್ಲ.”

“ಹಂದಿಗೆ ಹೆಸರು ಓದ್ಲಿಕ್ಕೆ ಬರುದಿಲ್ಲ.”

ಅತ್ತಿಗೆ ಬಡಿಸುವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ತವರಿನ ಕೋವಿಯ ಬಗ್ಗೆ ಅಷ್ಟು ಹೆಮ್ಮೆಪಡುತ್ತಿದ್ದವಳ ಮುಖ ಬಿಳಿಚಿತ್ತು. ಅಣ್ಣ ಹೇಳಿದ್ದನ್ನು ಮಾಡುವವನು. ನಾನು ಬಸ್ಸು ಹತ್ತಿದ ಮರುದಿನ ಅವನು ಸಂಪಾಜೆಯ ದಾರಿ ಹಿಡಿಯುತ್ತಾನೆ, ಬಂದು ಅದೇ ಹುಣಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತಾನೆ. ಅಲ್ಲಿಂದ ಅವನನ್ನು ಎಲ್ಲಿಗೆ ಕರೆದೊಯ್ಯುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಓದಿಗೆ ನಮ್ಮ ಮನೆಯಿಂದ ಅಕ್ಕಿ ಹೊತ್ತು ತಂದವನು ಅವನು. ಮಂಗಳೂರಿನ ಅಟ್ಟಕ್ಕೆ ಮೆಟ್ಟಿಲು ಹತ್ತಿ ಬಂದು, ಮೂಟೆ ಇಳಿಸಿ, ನೀರೂ ಕುಡಿಯದೆ ಕೊನೆಯ ಬಸ್ಸಿಗೆ ಓಡುತ್ತಿದ್ದ.

ಸೋಮವಾರ ನಾನು ಎಂದಿನಂತೆ ಗದ್ದೆಗೆ ನಡೆದೆ. ಅಣ್ಣನಿಗೆ ವಾರದ ಲೆಕ್ಕ ಇರುತ್ತಿರಲಿಲ್ಲ. ಬಿಸಿಲು ಏರಿದ ಮೇಲೆ ಅತ್ತಿಗೆ ಗಂಜಿ ತಂದಳು. ಅವಳ ಬಾಯಿಂದಲೇ ಅವನಿಗೆ ಅಂದು ಸೋಮವಾರ ಎಂದು ತಿಳಿಯಿತು.

“ನೀನು ಹೋಗ್ಲಿಲ್ವಾ?”

“ಇಲ್ಲ.”

“ಯಾಕೆ?”

“ಹೋಗಿದ್ರೆ ನೀನು ಘಟ್ಟದ ಮೇಲಿನ ಕೋವಿ ತರ್ತಿದ್ದೆ.”

“ತರ್ತಿದ್ದೆ” ಎಂದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಗಂಜಿಯ ಪಾತ್ರೆಯನ್ನು ಮುಟ್ಟದೆ ಎದ್ದ. “ನಾನು ನಿನ್ನನ್ನು ಓದಿಸಿದ್ದು ಮಂಗ ಹೆದರಿಸುವ ಬೆರ್ಚಪ್ಪ ಮಾಡ್ಲಿಕ್ಕಾ? ಹಿಡಿ. ನಿನ್ನದೇ ಅಲ್ವಾ ಇದು, ಕಾಗದ ಉಂಟಲ್ಲ.” ಕೋವಿಯನ್ನು ನನ್ನ ಎದೆಗೆ ಒತ್ತಿ ಕೊಟ್ಟು, ಹಿಂತಿರುಗಿ ನೋಡದೆ ಮನೆಯ ಕಡೆ ನಡೆದುಬಿಟ್ಟ. ಅತ್ತಿಗೆ ಪಾತ್ರೆ ಎತ್ತಿಕೊಂಡು ಅವನ ಹಿಂದೆ ಹೋದಳು.

ಇಡೀ ಗದ್ದೆಯಲ್ಲಿ ನಾನೊಬ್ಬನೇ ಉಳಿದೆ. ನನ್ನ ಹೆಸರಿನ ಕೋವಿ, ನಮ್ಮದೇ ಜಾಗ, ಹಗಲು ಹೊತ್ತು. ದಫೇದಾರರು ಆಗ ಬಂದಿದ್ದರೆ ಒಂದು ಮಾತೂ ಕೇಳುವ ಹಾಗಿರಲಿಲ್ಲ. ಆದರೆ ಕೋವಿಗೆ ಮದ್ದು ಎಷ್ಟು ಹಾಕಬೇಕೆಂದು ನನಗೆ ಗೊತ್ತಿರಲಿಲ್ಲ. ಕಾಡಿನ ಅಂಚಿನ ಹಲಸಿನ ಮರದಲ್ಲಿ ಕುಳಿತ ಮಂಗಗಳು ಅಣ್ಣ ತಿರುವಿನಲ್ಲಿ ಮರೆಯಾಗುವವರೆಗೆ ಕಾದವು. ಆಮೇಲೆ ದೊಡ್ಡದೊಂದು ಕೆಳಗಿಳಿದು ಹುಣಿಯ ಮೇಲೆ ಕುಳಿತು ನನ್ನನ್ನೇ ನೋಡಿತು. ಉಳಿದವು ಅದರ ಹಿಂದೆ ಇಳಿದವು. ನಾನು ಕೂಗಿದೆ. ಅವು ಕದಲಲಿಲ್ಲ. ಚಪ್ಪಾಳೆ ತಟ್ಟಬೇಕೆಂದರೆ ಕೋವಿಯನ್ನು ನೆಲಕ್ಕೆ ಇಡಬೇಕಾಗಿತ್ತು. ಇಟ್ಟೆ.